ಸೋಮವಾರ ಹೊರಡದ ಕಾರು

"ಮೊದಲೇ ಹೇಳಿಬಿಡ್ತೇನೆ, ಆಮೇಲೆ ಮುದುಕ ಮೋಸ ಮಾಡಿದ ಅನ್ನಬಾರ್ದು," ಎಂದರು ವೀರಬಸಪ್ಪಜ್ಜ. "ಈ ಕಾರು ಸೋಮವಾರ ಸ್ಟಾರ್ಟ್ ಆಗೋದಿಲ್ಲ."

ಟೈರನ್ನು ಒದ್ದು ಒದ್ದು ಪರೀಕ್ಷಿಸುತ್ತಿದ್ದ ಈಶ್ವರ್ ಮಾಮನ ಕಾಲು ಗಾಳಿಯಲ್ಲೇ ನಿಂತಿತು.

"ಸೋಮವಾರ ಮಾತ್ರನಾ?"

"ಸೋಮವಾರ ಮಾತ್ರ. ಉಳಿದ ಆರು ದಿನ ಕೀಲಿ ತಿರುಗಿಸಿದ್ರೆ ಸಾಕು, ಹೂಂ ಅಂತದೆ."

ಗಂಗಾಶ್ರೀ ತಿರುಗಿ ಅವ್ವನ ಮುಖ ನೋಡಿದಳು. ಆ ಮುಖ ಇಷ್ಟು ಹೊತ್ತು ಹೂವಿನಂತೆ ಅರಳಿತ್ತು. ಈಗ ಯಾರೋ ದೀಪ ಆರಿಸಿದಂತಾಯಿತು.

ಅವ್ವನಿಗೆ ವಾರದಲ್ಲಿ ಎರಡು ದಿನ ಗಾಡಿ ಬೇಕೇ ಬೇಕಿತ್ತು. ಸೋಮವಾರ ಅದರಲ್ಲಿ ಒಂದು.

ಗಂಗಾಶ್ರೀಯ ಅವ್ವ ಚೈತ್ರಶ್ರೀ ಶಿಕಾರಿಪುರದ ತಮ್ಮ ಮನೆಯಲ್ಲಿ ರೊಟ್ಟಿ ತಟ್ಟಿ ಮಾರುತ್ತಿದ್ದಳು. ಸೊರಬದ ಒಂದು ಹಾಸ್ಟೆಲಿನಲ್ಲಿ ಸೋಮವಾರ ಮತ್ತು ಗುರುವಾರ ರೊಟ್ಟಿಯ ಊಟ. ಬೆಳಗ್ಗೆ ಎಂಟು ಗಂಟೆಯೊಳಗೆ ನಾನೂರು ರೊಟ್ಟಿ ಅಲ್ಲಿಗೆ ಮುಟ್ಟಬೇಕು. ಅಪ್ಪ ಕಟ್ಟಿಕೊಟ್ಟ ಬುಟ್ಟಿಗಳನ್ನು ಅವ್ವ ಬಸ್ಸಿಗೆ ಹೇರಿಕೊಂಡು ಹೋಗುತ್ತಿದ್ದಳು. ಒಂದು ಸೋಮವಾರ ಬಸ್ಸು ಬರಲೇ ಇಲ್ಲ. ಇನ್ನೊಂದು ಸೋಮವಾರ ಬಸ್ಸು ಬಂತು, ಆದರೆ ಕಂಡಕ್ಟರು ಬುಟ್ಟಿಗಳನ್ನು ನೋಡಿ ಹತ್ತಗೊಡಲಿಲ್ಲ. ಆಗ ವಾರ್ಡನ್ ಮೇಡಂ, "ಹದಿನೈದು ದಿನದೊಳಗೆ ಸ್ವಂತ ಗಾಡಿ ಮಾಡ್ಕೊಳ್ಳಿ. ಇನ್ನೊಂದು ಸಲ ತಡವಾದ್ರೆ ಬೇರೆಯವರಿಗೆ ಹೇಳ್ತೀವಿ," ಎಂದುಬಿಟ್ಟಿದ್ದರು.

ಅವ್ವ ಡ್ರೈವಿಂಗ್ ಕಲಿತು ಲೈಸೆನ್ಸ್ ಪಡೆದು ಎರಡು ತಿಂಗಳಾಗಿತ್ತು. ಕಾರು ಮಾತ್ರ ಇರಲಿಲ್ಲ. ಅದಕ್ಕಾಗಿಯೇ ಈ ಭಾನುವಾರ ಅವ್ವ, ಅವ್ವನ ತಮ್ಮ ಈಶ್ವರ್ ಮಾಮ ಮತ್ತು ಗಂಗಾಶ್ರೀ ಎರಡು ಬಸ್ಸು ಬದಲಿಸಿ ಸೊರಬದ ಆಚೆ ಉಳವಿಗೆ ಬಂದಿದ್ದರು. ಕಣ್ಣಿನ ಡಾಕ್ಟರು ಇನ್ನು ಗಾಡಿ ಓಡಿಸಬಾರದೆಂದು ಹೇಳಿದ್ದರಿಂದ ವೀರಬಸಪ್ಪಜ್ಜ ತಮ್ಮ ಬಿಳಿಯ ಕಾರನ್ನು ಮಾರುವವರಿದ್ದರು.

ಹಳೆಯ ಕಾರು ನೋಡುವುದು ಹೇಗೆಂದು ಗಂಗಾಶ್ರೀಗೆ ತಿಳಿದಿತ್ತು. ಅವರ ಮನೆಯ ಪಕ್ಕದಲ್ಲೇ ತೀರ್ಥೇಶಣ್ಣನ ಗ್ಯಾರೇಜು. ಸ್ಕೂಲು ಬಿಟ್ಟ ಮೇಲೆ ಅವಳ ಠಾವು ಅಲ್ಲಿನ ಹಳೆಯ ಟೈರಿನ ಮೇಲೆ. ತೀರ್ಥೇಶಣ್ಣ ಇವತ್ತು ತಂಗಿಯ ಮದುವೆ ಬಿಟ್ಟು ಬರುವಂತಿರಲಿಲ್ಲ. ಅದಕ್ಕೆ ನಿನ್ನೆ ಸಂಜೆಯೇ ಅವಳ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆಸಿದ್ದ.

"ಹೋದ ಕೂಡ್ಲೆ ಬಾನೆಟ್ ಮುಟ್ಟಿ ನೋಡು. ಬಿಸಿ ಇದ್ರೆ, ನೀವು ಬರೋ ಮೊದ್ಲೇ ಸ್ಟಾರ್ಟ್ ಮಾಡಿ ಇಟ್ಟಾರೆ ಅಂತ ಅರ್ಥ. ತಣ್ಣಗಿರೋ ಎಂಜಿನ್ ಹೆಂಗ್ ಏಳ್ತೈತಿ, ಅದನ್ನ ನೋಡ್ಬೇಕು. ಸೀಟ್‌ಬೆಲ್ಟ್ ಪೂರ್ತಿ ಎಳಿ. ಕೊನೇಲಿ ಕೆಸರಿನ ಗೆರೆ ಇದ್ರೆ ಗಾಡಿ ನೆರೆ ನೀರಾಗೆ ಮುಳುಗಿತ್ತು ಅಂತ ತಿಳ್ಕೊ."

ಬಾನೆಟ್ ತಣ್ಣಗಿತ್ತು. ಬೆಲ್ಟಿನ ತುದಿ ಶುಭ್ರವಾಗಿತ್ತು. ಕಾರ್ಪೆಟ್ಟಿನ ಕೆಳಗೆ ತುಕ್ಕಿರಲಿಲ್ಲ. ನಾಲ್ಕು ಟೈರುಗಳೂ ಒಂದೇ ಸಮ ಸವೆದಿದ್ದವು. ಅವ್ವ ಕೀಲಿ ತಿರುಗಿಸಿದೊಡನೆ ಎಂಜಿನ್ ಎದ್ದು ಕೂತಿತ್ತು. ಊರ ಕೆರೆಯವರೆಗೆ ಓಡಿಸಿಕೊಂಡು ಬಂದದ್ದೂ ಆಗಿತ್ತು. ಗಂಗಾಶ್ರೀ ಸಾಲು ಸಾಲಾಗಿ ರೈಟ್ ಮಾರ್ಕ್ ಹಾಕಿದ್ದಳು. ಈ ಸೋಮವಾರದ ಮಾತು ಮಾತ್ರ ಅವಳ ಪಟ್ಟಿಯಲ್ಲಿರಲಿಲ್ಲ.

"ಅಜ್ಜಾರ, ಮೆಕ್ಯಾನಿಕ್‌ಗೆ ತೋರ್ಸಿಲ್ಲೇನ್ರಿ?" ಅವ್ವ ಕೇಳಿದಳು.

"ಮೂರು ಮಂದಿಗೆ ತೋರಿಸಿದೆ. ಸೋಮವಾರ ಅಲುಗೋದಿಲ್ಲ, ಮಂಗಳವಾರ ನಾನೇ ಓಡಿಸ್ಕೊಂಡು ಹೋಗ್ತೇನೆ. ಅಷ್ಟೊತ್ತಿಗೆ ಸರಿಯಾಗಿರ್ತದೆ. ಅವರು ನನ್ನ ಮುಖ ನೋಡಿ ನಗ್ತಾರೆ." ಅಜ್ಜ ಕಾರಿನ ನೆತ್ತಿಯನ್ನು ಮೆಲ್ಲನೆ ತಟ್ಟಿದರು. "ಅವರಿಗೆಂತ ಗೊತ್ತು? ಸೋಮವಾರ ಬಸವಣ್ಣನ ವಾರ. ಅವತ್ತು ಎತ್ತಿನ ಹೆಗಲಿಗೆ ನೊಗ ಇಡಬಾರ್ದು. ನಮ್ಮಪ್ಪ ಇಡಲಿಲ್ಲ, ನಾನೂ ಇಡಲಿಲ್ಲ. ಎತ್ತು ಮಾರಿ ಈ ಕಾರು ತಂದು ಅದೇ ಕೊಟ್ಟಿಗೆಯಲ್ಲಿ ಕಟ್ಟಿದೆ ನೋಡಿ, ಇದೂ ಅದೇ ವ್ರತ ಹಿಡೀತು."

ಅಜ್ಜ 'ಕಟ್ಟಿದೆ' ಎಂದಾಗ ಗಂಗಾಶ್ರೀ ಕಾರಿನ ಸುತ್ತ ಹಗ್ಗವಿದೆಯೇ ಎಂದು ನೋಡಿದಳು. ಹಗ್ಗವಿರಲಿಲ್ಲ. ಗೋಡೆಗೆ ಹತ್ತಿಕೊಂಡು ಎತ್ತಿಗೆ ಮೇವು ಹಾಕುವ ಗೋದಲಿ ಮಾತ್ರ ಹಾಗೆಯೇ ಇತ್ತು. ಕಾರಿನ ಮೂತಿ ಸರಿಯಾಗಿ ಅದರ ಕಡೆಗೇ ಇತ್ತು.

ಒಳಗಿನಿಂದ ಹಾಲಮ್ಮಜ್ಜಿ ಮಜ್ಜಿಗೆಯ ಲೋಟಗಳನ್ನು ತಂದರು.

"ವ್ರತವಂತೆ ವ್ರತ! ನಂಗೆ ಹಲ್ಲುನೋವು ಬಂದಿದ್ದು ಸೋಮವಾರ. ಕೆನ್ನೆ ಕುಂಬಳಕಾಯಿ ಆಗಿತ್ತು. ಇವರ ಕಾರು ಏಳ್ಲಿಲ್ಲ. ಮಂಗಳವಾರದ ತನಕ ಲವಂಗ ಕಚ್ಚಿಕೊಂಡು ಕೂತಿದ್ದೆ, ಮಾರಾಯ್ತಿ!"

ಈಶ್ವರ್ ಮಾಮ ಅವ್ವನನ್ನು ಪಕ್ಕಕ್ಕೆ ಕರೆದ.

"ಅಕ್ಕಾ, ಹೋಗೋಣ ನಡಿ. ಸೋಮವಾರ ಓಡದ ಕಾರು ತಗೊಂಡು ಏನ್ ಮಾಡ್ತಿ? ಗೂಟಕ್ಕೆ ಕಟ್ಟಿ ಹುಲ್ಲು ಹಾಕ್ತಿಯೇನು?"

ಇದಕ್ಕೆ ಮೊದಲು ಅವ್ವ ನೋಡಿದ್ದ ಮೂರು ಕಾರುಗಳಲ್ಲಿ ಒಂದು ಹೊಗೆ ಕಾರುತ್ತಿತ್ತು, ಒಂದರ ಕಾಗದಪತ್ರ ಸರಿಯಿರಲಿಲ್ಲ, ಮತ್ತೊಂದು ಅವಳ ಕೈಗೆ ಎಟುಕುವಂತಿರಲಿಲ್ಲ. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು. ಅದು ಹೊರಡುವ ಲಕ್ಷಣವೆಂದು ಗಂಗಾಶ್ರೀಗೆ ಗೊತ್ತಾಯಿತು.

'ಗಾಡಿಗೆ ವಾರ ಗೊತ್ತಿರಲ್ಲ' ಎಂದು ತೀರ್ಥೇಶಣ್ಣ ಇಲ್ಲಿದ್ದರೆ ಖಂಡಿತ ಅನ್ನುತ್ತಿದ್ದ. ಹಾಗಾದರೆ ಸೋಮವಾರ ಏನೋ ನಡೆಯುತ್ತಿರಬೇಕು. ಏನದು?

"ಅಜ್ಜಿ," ಎಂದಳು ಅವಳು, "ಒಂದ್ ಸೋಮವಾರನೂ ಸ್ಟಾರ್ಟ್ ಆಗೇ ಇಲ್ಲಾ?"

"ಆಗಿತ್ತಪ್ಪ, ಒಂದೇ ಒಂದು ಸಲ," ಎಂದರು ಹಾಲಮ್ಮಜ್ಜಿ.

"ಅದು ಉಡುತಡಿಯ ಗುಡಿಗೆ ಹೋಗೋಕೆ," ಎಂದು ಅಜ್ಜ ಥಟ್ಟನೆ ಸೇರಿಸಿದರು. "ದೇವರ ಕೆಲಸ ಅಂತ ಒಪ್ಕೊಂಡಿತು. ಊರ ಕೆಲಸಕ್ಕೆ ಒಪ್ಪೋದಿಲ್ಲ."

"ದೇವರ ಕೆಲಸವಂತೆ! ಅವತ್ತಿನ ಪಾಡು ನಂಗೆ ಗೊತ್ತು," ಎಂದರು ಅಜ್ಜಿ. "ಬಾವಿಯ ಮೋಟರ್ ಸುಟ್ಟು ಎರಡು ದಿನ ಆಗಿತ್ತು. ಮನೇಲಿ ಕುಡಿಯೋಕೆ ಎರಡು ಕೊಡ ನೀರು. ಇವರು ಅದ್ರಲ್ಲೇ ಒಂದು ಕೊಡ ಎತ್ಕೊಂಡು ಕಾರಿನ ಹತ್ರ ಹೊರಟ್ರು. ನಾನು ಕಸಿದು ಒಳಗಿಟ್ಟೆ."

ಗಂಗಾಶ್ರೀಯ ಕಿವಿ ನಿಮಿರಿತು.

"ಕಾರಿಗೆ ಯಾಕಜ್ಜಿ ನೀರು?"

"ಯಾಕಂದ್ರೆ? ಸೋಮವಾರ ಬೆಳಗ್ಗೆ ಎತ್ತಿನ ಮೈ ತೊಳೀಬೇಡ್ವಾ?" ಅಜ್ಜನೇ ಉತ್ತರ ಹೇಳಿದರು. "ತೊಳೆದು, ವಿಭೂತಿ ಹಚ್ಚಿ, ಹೂ ಇಡೋದು. ಕಾರು ಬಂದ ಮೇಲೆ ಕಾರಿಗೆ. ಎಂಟು ವರ್ಷದಿಂದ ಒಂದು ಸೋಮವಾರ ತಪ್ಪಿಸಿಲ್ಲ, ಆ ನೀರಿಲ್ಲದ ಸೋಮವಾರ ಬಿಟ್ಟು."

"ಬಾನೆಟ್ ಮೇಲಷ್ಟೇ ನೀರು ಹಾಕ್ತೀರೋ, ಒಳಗೂ ಹಾಕ್ತೀರೋ?"

"ಒಳಗೆ ಹಾಕದೆ ಇರ್ತಾರಾ ಕೂಸೆ? ಇಡೀ ವಾರ ದುಡಿಯೋದು ಒಳಗಿನ ಜೀವ ಅಲ್ದಾ? ಪೈಪ್ ಹಿಡಿದು ಚೆನ್ನಾಗಿ ತಂಪು ಮಾಡ್ತೇನೆ."

ಗಂಗಾಶ್ರೀ ಓಡಿಬಂದು ಅವ್ವನ ಕೈ ಎಳೆದಳು. ಎಂಜಿನ್ನಿನ ನೆತ್ತಿಯ ಮೇಲೆ ಸಣ್ಣ ಸಣ್ಣ ಗುಳಿಗಳಿರುತ್ತವೆ. ಅವುಗಳ ತಳದಲ್ಲಿ ಪ್ಲಗ್ ಇರುತ್ತದೆ. ಬೆಂಕಿಯ ಕಿಡಿ ಹುಟ್ಟುವುದು ಆ ಪ್ಲಗ್ಗಿನಲ್ಲಿ. ಗುಳಿಯ ಬಾಯಿಗೆ ರಬ್ಬರಿನ ಟೊಪ್ಪಿಗೆ. ರಬ್ಬರು ಬಿರುಕುಬಿಟ್ಟರೆ ನೀರು ಒಳಗಿಳಿಯುತ್ತದೆ. ನೀರಿದ್ದಲ್ಲಿ ಕಿಡಿ ಬಾರದು. ಮರುದಿನ ನೀರು ಆರಿದ ಮೇಲೆ ಎಲ್ಲವೂ ಮೊದಲಿನಂತೆ. ಇದೆಲ್ಲವನ್ನೂ ಅವಳು ಉಸಿರು ಬಿಡದೆ ಪಿಸುದನಿಯಲ್ಲಿ ಹೇಳಿದಳು.

ಈಶ್ವರ್ ಮಾಮನ ಕಣ್ಣು ಮಿಂಚಿತು. "ಶ್! ಮೆಲ್ಲಕ್ಕೆ! ಹಂಗಾದ್ರೆ ನಾವು ಗೆದ್ವಿ! ಸೋಮವಾರದ ಕಾಟ ಅಂತ್ಲೇ ಅವ್ರು ರೇಟ್ ಕಡಿಮೆ ಹೇಳ್ಯಾರ. ಬಾಯಿ ಮುಚ್ಕೊಂಡು ಅಡ್ವಾನ್ಸ್ ಕೊಟ್ಟುಬಿಡು, ಅಕ್ಕಾ. ಮನೆಗೆ ಹೋಗಿ ಒಂದು ರಬ್ಬರ್ ಹಾಕಿದ್ರೆ ಮುಗೀತು."

ಅವ್ವ ಕೊಟ್ಟಿಗೆಯ ಕಡೆ ನೋಡಿದಳು. ಅಜ್ಜ ಹೆಗಲಿನ ಟವೆಲ್ಲಿನಿಂದ ಕಾರಿನ ಕನ್ನಡಿ ಒರೆಸುತ್ತಿದ್ದರು.

"ಅವ್ರು ಸೋಮವಾರದ ಮಾತು ಮುಚ್ಚಿಟ್ಟಿದ್ರೆ ನಮಗೆ ಗೊತ್ತಾಗ್ತಿತ್ತೇನೋ ಈಶಾ?" ಎಂದಳು. "ಹೋಗು ಗಂಗಾ. ನನಗೆ ಹೇಳಿದ್ದನ್ನ ಅಜ್ಜಾರಿಗೂ ಹೇಳು."

ಗಂಗಾಶ್ರೀ ಹೇಳಿದಳು. ಅಜ್ಜ ಕೇಳಿದರು. ಕೇಳುತ್ತ ಕೇಳುತ್ತ ಅವರ ಹುಬ್ಬು ಗಂಟಾಯಿತು.

"ನೀರಿನಿಂದ ಅಂತೀಯಾ? ಮಳೇಲಿ ಎಷ್ಟು ಓಡಿಸಿದೇನೆ, ಏನೂ ಆಗಿಲ್ಲವಲ್ಲ!"

"ಮಳೆ ಬಾನೆಟ್ ತೆಗೆದು ಒಳಗೆ ಸುರಿಯಲ್ಲ ಅಜ್ಜಾ."

ಹಾಲಮ್ಮಜ್ಜಿ ಬಾಯಿಗೆ ಸೆರಗು ಹಿಡಿದು ನಕ್ಕರು. ಅಜ್ಜನಿಗೆ ನಗು ಬರಲಿಲ್ಲ.

"ಬೇಕಾದ್ರೆ ಟೆಸ್ಟ್ ಮಾಡೋಣ," ಎಂದಳು ಗಂಗಾಶ್ರೀ. "ಇವತ್ತು ಭಾನುವಾರ ಅಲ್ವಾ? ಸೋಮವಾರ ಹೆಂಗೆ ತೊಳೀತೀರೋ ಹಂಗೇ ತೊಳೀರಿ. ಆಮೇಲೂ ಸ್ಟಾರ್ಟ್ ಆದ್ರೆ ನಂದೇ ತಪ್ಪು."

"ಅಯ್ಯೋ ಬೇಡ!" ಈಶ್ವರ್ ಮಾಮ ಹೌಹಾರಿದ. "ಏನಾದ್ರೂ ಕೆಟ್ಟುಹೋದ್ರೆ ನಮ್ ತಲೆಗೆ ಬರ್ತೈತಿ!"

"ನನ್ನ ಕಾರು, ನನ್ನ ಬಾವಿ ನೀರು," ಎಂದರು ಅಜ್ಜ ಬಿಗಿಯಾಗಿ. "ನಿಮ್ಮ ತಲೆಗೆ ಯಾಕೆ ಬರ್ತದೆ? ಏ ಹಾಲಮ್ಮಾ, ಮೋಟರ್ ಹಾಕು!"

ಎಲ್ಲರೂ ಸೇರಿ ಕಾರನ್ನು ಕೊಟ್ಟಿಗೆಯಿಂದ ಅಂಗಳಕ್ಕೆ ತಳ್ಳಿದರು. ಅಜ್ಜ ಪಂಚೆ ಎತ್ತಿಕಟ್ಟಿ ಪೈಪು ಹಿಡಿದರು. ಮೊದಲು ನೆತ್ತಿ, ಆಮೇಲೆ ಬೆನ್ನು, ಆಮೇಲೆ ನಾಲ್ಕು ಚಕ್ರ. ಎತ್ತಿನ ಗೊರಸು ತೊಳೆಯುವವರಂತೆ ಒಂದೊಂದು ಚಕ್ರದ ಮುಂದೆಯೂ ಬಗ್ಗಿದರು. ಕೊನೆಗೆ ಬಾನೆಟ್ ಎತ್ತಿ ಎಂಜಿನ್ನಿನ ಮೇಲೆ ಧಾರಾಳವಾಗಿ ನೀರು ಬಿಟ್ಟರು. ಅವರ ತುಟಿ ಏನನ್ನೋ ಜಪಿಸುತ್ತಿತ್ತು.

"ಆಯ್ತು," ಎಂದು ಅಜ್ಜ ಪೈಪು ಕೆಳಗಿಟ್ಟರು.

ಅವ್ವ ಸೀಟಿನಲ್ಲಿ ಕೂತು ಕೀಲಿಗೆ ಕೈ ಹಾಕಿದಳು. ಗಂಗಾಶ್ರೀ ಎರಡೂ ಮುಷ್ಟಿ ಬಿಗಿಹಿಡಿದಳು. ಕಾರು ಈಗ ಸ್ಟಾರ್ಟ್ ಆದರೆ ತನ್ನ ಮಾತೂ ಹೋಯಿತು, ಅವ್ವನ ಗಾಡಿಯೂ ಹೋಯಿತು.

ಗರ್ ಗರ್ ಗರ್ ಗರ್…

ಅವ್ವ ಮತ್ತೆ ತಿರುಗಿಸಿದಳು.

ಗರ್ ಗರ್ ಗರ್…

ಮೂರನೆಯ ಸಲವೂ ಅಷ್ಟೇ. ಎಂಜಿನ್ ಏಳಲಿಲ್ಲ.

"ಆಗ್ಲಿಲ್ಲ! ಸ್ಟಾರ್ಟ್ ಆಗ್ಲಿಲ್ಲ!" ಗಂಗಾಶ್ರೀ ಕೆಸರಿನಲ್ಲೇ ಕುಣಿದಳು. ಅವ್ವ ಕಾರಿನಿಂದ ಇಳಿದು ಬಂದು ಅವಳನ್ನು ಎತ್ತಿ ತಿರುಗಿಸಿದಳು. ಹಾಲಮ್ಮಜ್ಜಿ ಚಪ್ಪಾಳೆ ತಟ್ಟಿದರು. ಬೇಲಿಯಾಚೆ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಹೊರಡದ ಕಾರಿನ ಮುಂದೆ ಇಷ್ಟೊಂದು ಸಂಭ್ರಮವೇಕೆಂದು ಅವರಿಗೆ ತಿಳಿಯಲಿಲ್ಲ.

"ಇನ್ನೂ ಮುಗಿದಿಲ್ಲ," ಎಂದಳು ಗಂಗಾಶ್ರೀ. "ಈಗ ಒಣಗಿಸಿ ಸ್ಟಾರ್ಟ್ ಮಾಡ್ಬೇಕು."

ಕೀಲಿಯನ್ನು ತೆಗೆದು ಪಕ್ಕಕ್ಕಿಟ್ಟು ಅವ್ವ ಒಂದೊಂದಾಗಿ ರಬ್ಬರಿನ ಟೊಪ್ಪಿಗೆಗಳನ್ನು ಎಳೆದಳು. ನಾಲ್ಕರಲ್ಲಿ ಮೂರು ಬಿರುಕುಬಿಟ್ಟಿದ್ದವು. ಗುಳಿಗಳಲ್ಲಿ ನೀರು ನಿಂತು ಆಕಾಶ ಕಾಣಿಸುತ್ತಿತ್ತು. ಅಜ್ಜಿ ಹಳೆಯ ಸೀರೆಯ ತುಂಡು ತಂದರು. ಗಂಗಾಶ್ರೀ ಅದನ್ನು ಬತ್ತಿಯಂತೆ ಹೊಸೆದು ಗುಳಿಗಿಳಿಸಿ ನೀರು ಹೀರಿಸಿದಳು. ಉಳಿದ ಹನಿಗಳನ್ನು ಈಶ್ವರ್ ಮಾಮ ಸೈಕಲ್ ಪಂಪಿನಿಂದ ಊದಿ ಹಾರಿಸಿದ. ಪಂಪು ಒತ್ತಿ ಒತ್ತಿ ಅವನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆಮೇಲೆ ಎಲ್ಲವನ್ನೂ ಬಿಸಿಲಿಗೆ ಬಿಟ್ಟು ಒಂದು ಗಂಟೆ ಕಾದರು.

ಅವ್ವ ಕೀಲಿ ತಿರುಗಿಸಿದಳು.

ಗರ್ ಗರ್… ಹೂಂ!

"ನಾನು ಮೊದ್ಲೇ ಅಂದ್ಕೊಂಡಿದ್ದೆ!" ಎಂದ ಈಶ್ವರ್ ಮಾಮ.

"ಗೆದ್ದೆತ್ತಿನ ಬಾಲ ಹಿಡಿಯೋಕೆ ಎಲ್ಲರೂ ಬರ್ತಾರೆ," ಎಂದರು ಹಾಲಮ್ಮಜ್ಜಿ. "ಗೆಲ್ಲಿಸಿದ್ದು ಈ ಹುಡುಗಿ!"

ಗಂಗಾಶ್ರೀಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂವರು ಮೆಕ್ಯಾನಿಕ್ಕುಗಳಿಗೆ ಸಿಗದ್ದು ತನಗೆ ಸಿಕ್ಕಿತ್ತು! ಅವಳು ಅಜ್ಜನ ಕಡೆ ತಿರುಗಿದಳು.

ಅಜ್ಜ ಗೋದಲಿಯ ಅಂಚಿನ ಮೇಲೆ ಕೂತಿದ್ದರು. ಪಂಚೆ ಇನ್ನೂ ಒದ್ದೆಯಾಗಿತ್ತು.

"ಎಂಟು ವರ್ಷ," ಎಂದರು, ಯಾರಿಗೆಂದಿಲ್ಲದೆ. "ಅದು ವ್ರತ ಹಿಡಿದಿದೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ನಾನೇ ಅದರ ಗಂಟಲಿಗೆ ನೀರು ಹೊಯ್ದು ಕೆಡವುತ್ತಿದ್ದೆನಾ?"

ಗಂಗಾಶ್ರೀಯ ಕಾಲುಗಳು ತಾವಾಗಿಯೇ ಕುಣಿತ ನಿಲ್ಲಿಸಿದವು. ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ಅವಳು ಮೆಲ್ಲನೆ ಹೋಗಿ ಅಜ್ಜನ ಪಕ್ಕದಲ್ಲಿ ಕೂತಳು. ತನಗೆ ಗೊತ್ತಿದ್ದ ನಿಜವನ್ನೇ ಹೇಳಿದಳು.

"ಅಜ್ಜಾ, ತೀರ್ಥೇಶಣ್ಣನ ಗ್ಯಾರೇಜಿಗೆ ದಿನಾ ಕಾರ್ ಬರ್ತಾವೆ. ಬಾನೆಟ್ ತೆಗೆದ್ರೆ ಬರೀ ಮಣ್ಣು, ಜೇಡರ ಬಲೆ. ಒಂದ್ರಾಗೆ ಇಲಿ ಮರಿ ಹಾಕಿತ್ತು. ಇಷ್ಟು ಕ್ಲೀನ್ ಎಂಜಿನ್ ನಾನು ನೋಡೇ ಇಲ್ಲ."

"ಇಲಿ ಮರಿ ಹಾಕಿತ್ತಾ?" ಅಜ್ಜ ತಲೆಯೆತ್ತಿದರು.

"ಆರು ಮರಿ."

"ಛೇ, ಛೇ! ಎಂಥ ಜನ!" ಅಜ್ಜ ಎದ್ದು ಪಂಚೆ ಕೊಡವಿದರು. ಆಮೇಲೆ ಅವ್ವನ ಎದುರು ನಿಂತು ಕೇಳಿದರು: "ಅಂದ್ರೆ, ಇದನ್ನ ಸೋಮವಾರ ಹೂಡ್ತೀಯೇನವ್ವಾ?"

"ಹೂಡ್ಲೇಬೇಕ್ರಿ ಅಜ್ಜಾರ. ಹಾಸ್ಟೆಲಿನ ಹುಡುಗ್ರಿಗೆ ಅವತ್ತೇ ರೊಟ್ಟಿ," ಎಂದಳು ಅವ್ವ. "ಆದ್ರೆ ಭಾನುವಾರ ರೊಟ್ಟಿ ಸಾಗಿಸೋ ಕೆಲಸ ಇಲ್ಲ. ಅವತ್ತು ಪೂರ್ತಿ ರಜಾ ಕೊಡ್ತೀನಿ. ಎಲ್ಲಿಗೂ ತೆಗೆಯಂಗಿಲ್ಲ."

ಅಜ್ಜ ಕಾರಿನ ಬಳಿಗೆ ಹೋಗಿ ಅದರ ನೆತ್ತಿ ಸವರಿದರು.

"ವಾರಕ್ಕೊಂದು ದಿನ ನೊಗ ಇಳಿಸಿದ್ರೆ ಆಯ್ತು. ಹಸಿದ ಮಕ್ಕಳಿಗೆ ಅನ್ನ ಹೊರೋ ಕೆಲಸಕ್ಕೆ ಬಸವಣ್ಣ ಬೇಡ ಅನ್ನೋದಿಲ್ಲ."

"ಬಸವಣ್ಣ ಬೇಡ ಅನ್ನದಿದ್ರೂ ನಾನು ಅಂತೇನೆ," ಎಂದರು ಹಾಲಮ್ಮಜ್ಜಿ ಸೊಂಟದ ಮೇಲೆ ಕೈಯಿಟ್ಟು. "ಬೆಳಗ್ಗೆ ಹೇಳಿದ ರೇಟು ಆರು ದಿನದ ಕಾರಿಂದು. ಈಗ ಇದು ಏಳು ದಿನದ ಕಾರು. ಹತ್ತು ಸಾವಿರ ಹೆಚ್ಚಾಯ್ತು!"

ಈಶ್ವರ್ ಮಾಮ ತಲೆಯ ಮೇಲೆ ಕೈಯಿಟ್ಟುಕೊಂಡ. "ಹೇಳ್ಲಿಲ್ವಾ ನಾನು? ಹೇಳ್ಲಿಲ್ವಾ?"

ಅವ್ವ ಮಾತ್ರ ನಗತೊಡಗಿದಳು. "ಅಜ್ಜಾರು ಭಾನುವಾರದ ರಜಾ ಬೇರೆ ತಗೊಂಡ್ರಲ್ಲಜ್ಜಿ! ಐದು ಸಾವಿರ. ಜೊತೆಗೆ ಪ್ರತಿ ಗುರುವಾರ ಸೊರಬಕ್ಕೆ ಬಂದಾಗ ನಿಮಗೊಂದು ಕಟ್ಟು ರೊಟ್ಟಿ."

"ಖಡಕ್ಕೋ, ಮೆತ್ತಗಿಂದೋ?"

"ನಿಮ್ ಹಲ್ಲಿಗೆ ಯಾವ್ದು ಬೇಕೋ ಅದು."

ಅಜ್ಜಿ ನಕ್ಕುಬಿಟ್ಟರು. ವ್ಯಾಪಾರ ಕುದುರಿತು.

ಆ ವಾರವೆಲ್ಲ ಓಡಾಟ. ಆ ಸೋಮವಾರ, ಗುರುವಾರ ಅವ್ವ ಹೇಗೋ ಬಸ್ಸಿನಲ್ಲೇ ರೊಟ್ಟಿ ಮುಟ್ಟಿಸಿದಳು. ಕಾಗದಪತ್ರಗಳಿಗೆ ಸಹಿಯಾಯಿತು. ಶುಕ್ರವಾರ ಕಾರು ಶಿಕಾರಿಪುರಕ್ಕೆ ಬಂತು. ತೀರ್ಥೇಶಣ್ಣ ಹೊಸ ರಬ್ಬರಿನ ಟೊಪ್ಪಿಗೆಗಳನ್ನು ಹಾಕಿ, ಗಂಗಾಶ್ರೀಯ ಕೈಯಲ್ಲೇ ಕೊನೆಯದನ್ನು ಒತ್ತಿಸಿದ. "ಇನ್ಮೇಲೆ ನಾನು ಮದುವೆಗೆ ಹೋದ್ರೆ ಗ್ಯಾರೇಜ್ ನೀನೇ ನೋಡ್ಕೊ," ಎಂದ.

ಸೋಮವಾರ ಬೆಳಗ್ಗೆ ಆರು ಗಂಟೆ. ಅಪ್ಪ ರೊಟ್ಟಿಯ ಬುಟ್ಟಿಗಳನ್ನು ಹಿಂದಿನ ಸೀಟಿಗೇರಿಸಿ ಬಟ್ಟೆ ಹೊದಿಸಿದರು. ಅವ್ವ ತಲೆಗೆ ಹೂ ಮುಡಿದಿದ್ದಳು. ಕೇರಿಯ ನಾಲ್ಕೈದು ಜನ, ಹೆಂಗಸು ಕಾರು ಬಿಡುವುದನ್ನು ನೋಡಲು ಹಲ್ಲುಜ್ಜುತ್ತಲೇ ಹೊರಗೆ ಬಂದಿದ್ದರು.

ಅಷ್ಟರಲ್ಲಿ ಅಪ್ಪನ ಮೊಬೈಲು ರಿಂಗಾಯಿತು. ಗಂಗಾಶ್ರೀ ಎತ್ತಿಕೊಂಡಳು.

"ಹೊರಟಿತಾ?" ವೀರಬಸಪ್ಪಜ್ಜನ ದನಿ.

"ಈಗ ಅಜ್ಜಾ, ಈಗ! ತಡೀರಿ!"

ಅವ್ವ ಕೀಲಿ ತಿರುಗಿಸಿದಳು. ಹೂಂ! ಒಂದೇ ಸಲಕ್ಕೆ ಎಂಜಿನ್ ಎದ್ದಿತು. ಹಲ್ಲುಜ್ಜುತ್ತಿದ್ದವರ ಕೈ ನಿಂತಿತು. ಅಪ್ಪ ಶಿಳ್ಳೆ ಹಾಕಿದರು. ಅವ್ವ ಯಾರ ಕಡೆಗೂ ನೋಡದೆ, ನೆಟ್ಟಗೆ ಕೂತು, ಗೇರ್ ಹಾಕಿ, ಸೊರಬದ ದಾರಿಗೆ ಕಾರು ತಿರುಗಿಸಿದಳು. ರಾಣಿ ಆನೆಯ ಮೇಲೆ ಹೊರಟರೂ ಹಾಗಿರಲಿಕ್ಕಿಲ್ಲ.

"ಕೇಳಿಸ್ತಾ ಅಜ್ಜಾ? ಸೋಮವಾರ ಹೊರಟಿತು!"

ಆ ಕಡೆಯಿಂದ ಮಾತು ಬರಲಿಲ್ಲ. ಹಾಲಮ್ಮಜ್ಜಿ ದೂರದಲ್ಲೆಲ್ಲೋ, "ಖಾಲಿ ಕೊಟ್ಟಿಗೆ ಮುಂದೆ ನಿಂತ್ಕೊಂಡು ಎಂತ ಮಾಡ್ತಿದೀರಿ, ಕಾಫಿ ಆರ್ತದೆ!" ಎನ್ನುತ್ತಿದ್ದುದು ಕೇಳಿಸಿತು. ಅಜ್ಜನ ಉಸಿರು ಮಾತ್ರ ಫೋನಿನಲ್ಲಿತ್ತು.

"ಹಲೋ" ಅನ್ನಲು ಬಾಯಿ ತೆರೆದ ಗಂಗಾಶ್ರೀ ಅನ್ನಲಿಲ್ಲ. ಫೋನನ್ನು ಕಿವಿಯಿಂದ ತೆಗೆದು, ತೋಳು ಮುಂದೆ ಚಾಚಿ, ಕಾರಿನ ಹಿಂದೆ ಓಡತೊಡಗಿದಳು. ತಿರುವಿನವರೆಗೂ ಓಡಿದಳು. ಕಾರು ಮರೆಯಾದ ಮೇಲೂ, ಎಂಜಿನ್ನಿನ ಸದ್ದು ಸಣ್ಣಗಾಗಿ ಪೂರ್ತಿ ಅಡಗುವ ತನಕ, ಅವಳು ಫೋನನ್ನು ಅತ್ತಲೇ ಹಿಡಿದುಕೊಂಡು ನಿಂತಿದ್ದಳು.